ನಿಮ್ಮ ಕ್ವೆರಿ ಕ್ಲೈಂಟ್ ಲೇಖನದ ಬಗ್ಗೆ

ನಮಸ್ಕಾರ,

ಚಿಕ್ಕಮಗಳೂರಿನಿಂದ ನೀವು ಕಳಿಸಿದ ಲೇಖನ ಓದಿದೆ. ಕಾಫಿ ದರ ತೋರಿಸುವ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪುಟಕ್ಕೆ, ಸರ್ವರ್‌ನಿಂದ ಡೇಟಾ ತಂದು ಇಟ್ಟುಕೊಳ್ಳುವ ಟ್ಯಾನ್‌ಸ್ಟ್ಯಾಕ್ ಕ್ವೆರಿ ಲೈಬ್ರರಿ ಜೋಡಿಸುವುದು ಹೇಗೆ ಅಂತ ಬರೆದಿದ್ದೀರಿ. ಕನ್ನಡದಲ್ಲಿ ಇಂಥದ್ದು ಜಾಸ್ತಿ ಬರಬೇಕು. ಆದರೆ ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. 'ಇದನ್ನು ಟೈಪ್ ಮಾಡಿ' ಅಂದಿದ್ದೀರಿ, ಯಾಕೆ ಅಂತ ಎಲ್ಲೂ ಹೇಳಿಲ್ಲ. ಓದುವವರು ಕೋಡನ್ನು ಹಾಗೇ ಕಾಪಿ ಮಾಡುತ್ತಾರೆ, ಅಲ್ವಾ? ಅದರ ಜೊತೆ ತಪ್ಪೂ ಹೋಗುತ್ತದೆ.

ದೊಡ್ಡ ತಪ್ಪು ಇದು: ಕ್ವೆರಿ ಕ್ಲೈಂಟನ್ನು, ಅಂದರೆ ತಂದ ಡೇಟಾ ನೋಡಿಕೊಳ್ಳುವ ಆ ಲೈಬ್ರರಿಯ ಭಾಗವನ್ನು, ಆ್ಯಪ್ ಕಾಂಪೊನೆಂಟ್ (ಪುಟವನ್ನು ಕಟ್ಟುವ ಕೋಡಿನ ತುಂಡು) ಒಳಗೇ ಮಾಡಿದ್ದೀರಿ. ತಂದ ಡೇಟಾ ಎಲ್ಲ ಇರುವುದು ಆ ಕ್ಲೈಂಟ್‌ನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ. ಕಾಂಪೊನೆಂಟ್ ಮತ್ತೆ ರೆಂಡರ್ ಆದಾಗಲೆಲ್ಲ, ಅಂದರೆ ಅದರ ಕೋಡ್ ಪುಟಕ್ಕಾಗಿ ಮತ್ತೆ ಓಡಿದಾಗಲೆಲ್ಲ, ಹೊಸ ಕ್ಲೈಂಟ್, ಖಾಲಿ ಕ್ಯಾಶ್. ಲೇಖನದ ಮೊದಲರ್ಧದಲ್ಲಿ ಇದು ಗೊತ್ತಾಗುವುದಿಲ್ಲ, ಆ್ಯಪ್ ಮತ್ತೆ ರೆಂಡರ್ ಆಗಲು ಅಲ್ಲಿ ಕಾರಣವೇ ಇಲ್ಲ. ಆಮೇಲೆ ಅದೇ ಕಾಂಪೊನೆಂಟ್‌ಗೆ ತಳಿ ಆರಿಸುವ ಬಟನ್ ಸೇರಿಸುತ್ತೀರಲ್ಲ, ಅಲ್ಲಿಂದ ಶುರು. ಅರೇಬಿಕಾ ಪಾರ್ಚ್‌ಮೆಂಟ್ ನೋಡಿ, ರೊಬಸ್ಟಾ ಚೆರಿಗೆ ಹೋಗಿ ವಾಪಸ್ ಬಂದರೆ, ಆಗಲೇ ತಂದಿದ್ದ ದರಕ್ಕೆ ಮತ್ತೆ 'ಲೋಡಿಂಗ್'. ಕ್ಲೈಂಟ್ ಮಾಡುವ ಆ ಒಂದು ಸಾಲನ್ನು ಕಾಂಪೊನೆಂಟ್‌ನಿಂದ ಆಚೆ ಹಾಕಿ, ಕಾರಣವನ್ನೂ ಬರೆಯಿರಿ. ಸರ್ವರ್‌ನಲ್ಲಿ ರೆಂಡರ್ ಮಾಡುವವರಿಗೆ ಮಾತ್ರ ಬೇರೆ ಮಾತು: ಅಲ್ಲಿ ಎಲ್ಲರಿಗೂ ಒಂದೇ ಕ್ಲೈಂಟ್ ಇಟ್ಟರೆ ಒಬ್ಬರ ಡೇಟಾ ಇನ್ನೊಬ್ಬರಿಗೆ ಕಾಣಬಹುದು. ಪ್ರತಿ ರಿಕ್ವೆಸ್ಟ್‌ಗೂ ಹೊಸದು ಬೇಕು.

ಇನ್ನು ಸ್ಟೇಲ್‌ಟೈಮ್, ಕ್ಯಾಶ್‌ಟೈಮ್ ಅನ್ನುವ ಎರಡು ಸೆಟ್ಟಿಂಗ್‌ಗಳನ್ನು ಕಲಸಿಬಿಟ್ಟಿದ್ದೀರಿ. ಡೇಟಾ ಎಷ್ಟು ಹೊತ್ತು ತಾಜಾ ಅನ್ನುವುದು ಮೊದಲನೆಯದು. ಯಾರೂ ಬಳಸದ ಡೇಟಾವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದು ಎರಡನೆಯದು. 2023ರಲ್ಲಿ ಬಂದ ಲೈಬ್ರರಿಯ 5ನೇ ಆವೃತ್ತಿಯಲ್ಲಿ ಈ ಎರಡನೆಯದರ ಹೆಸರು ಜಿಸಿಟೈಮ್. ನಾವು ಏನೂ ಹೇಳದಿದ್ದರೆ ಸ್ಟೇಲ್‌ಟೈಮ್ 0, ಜಿಸಿಟೈಮ್ 5 ನಿಮಿಷ. ಅಂದರೆ ಡೇಟಾ ತಂದ ಕೂಡಲೇ ಹಳತು, ಬೇರೆ ಟ್ಯಾಬ್‌ಗೆ ಹೋಗಿ ಬಂದರೂ ಸಾಕು, ದರ ಮತ್ತೆ ತರಲು ಓಡುತ್ತದೆ. ನಿಮ್ಮ ಪುಟದಲ್ಲಿ ದರ ಬದಲಾಗುವುದು ದಿನಕ್ಕೊಮ್ಮೆ ಅಂತ ನೀವೇ ಬರೆದಿದ್ದೀರಿ. ಸ್ಟೇಲ್‌ಟೈಮ್‌ಗೆ ಅರ್ಧ ಗಂಟೆ ಕೊಡಿ, ಏನೂ ನಷ್ಟವಿಲ್ಲ.

ನನಗೆ ಬಹಳ ಹಿಡಿಸಿದ್ದು ಮೂಡಿಗೆರೆ ಕಡೆಯ ತೋಟದಲ್ಲಿ ನಿಂತು ಪುಟ ತೆರೆದ ಭಾಗ. ಸಿಗ್ನಲ್ ಇದ್ದೂ ಇಲ್ಲದ ಹಾಗೆ, ತಪ್ಪಿನ ಸಂದೇಶ ತುಂಬಾ ತಡವಾಗಿ ಬಂತು ಅಂದಿದ್ದೀರಿ. ಅಷ್ಟಕ್ಕೇ ಬಿಟ್ಟಿರಿ. ಕ್ಲೈಂಟ್ ಸೋತ ರಿಕ್ವೆಸ್ಟನ್ನು ತಾನಾಗಿ ಇನ್ನೂ 3 ಸಲ ಕಳಿಸುತ್ತದೆ, ನಡುವೆ 1, 2, 4 ಸೆಕೆಂಡ್ ಕಾಯುತ್ತದೆ. ಆಮೇಲೇ ಸೋತೆ ಅನ್ನುವುದು. ಇದನ್ನು ಬಿಡಿಸಿ ಬರೆಯಿರಿ, ಲೇಖನವನ್ನು ಇಲ್ಲಿಂದಲೇ ಶುರು ಮಾಡಿ. 'ರಿಯಾಕ್ಟ್ ಎಂದರೇನು' ಅನ್ನುವ ಮೊದಲ ಪುಟ ಸುಮ್ನೆ ಜಾಗ ತಿನ್ನುತ್ತಿದೆ, ತೆಗೆದುಬಿಡಿ.

ಮತ್ತೆ ಕಳಿಸುವ ಮುಂಚೆ ಲೇಖನದಲ್ಲಿರುವ ಕೋಡನ್ನಷ್ಟೇ ಹೊಸ ಫೋಲ್ಡರ್‌ಗೆ ಹಾಕಿ, ಓಡಿಸಿ ನೋಡಿ. ನಾನು ಖಂಡಿತ ಓದುತ್ತೇನೆ.