ಬೋನ್ಸಾಯ್ ಮಣ್ಣಲ್ಲಿ ಹುಳು: ಔಷಧಿಗೂ ಮುಂಚೆ ಬೇರು ನೋಡಿ

ಪ್ರಶ್ನೆ: ಹಾಲ್‌ನಲ್ಲಿ ಟಿ.ವಿ. ಪಕ್ಕದಲ್ಲಿಟ್ಟಿರುವ ಫೈಕಸ್ ಬೋನ್ಸಾಯ್ ಎಲೆಗಳು ಹಳದಿಯಾಗಿ ಉದುರುತ್ತಿವೆ. ಕುಂಡದ ಸುತ್ತ ಸಣ್ಣ ಕರಿ ಗುಂಗುರು ಹಾರಾಡುತ್ತವೆ, ಮಣ್ಣು ಕೆದಕಿದರೆ ದಾರದಂಥ ಬಿಳಿ ಹುಳು ಕಾಣುತ್ತವೆ. ನರ್ಸರಿಯವರು ಮಣ್ಣಿನ ಮೇಲೆ ಬಿಳಿ ಹರಳು ಅಂಟಿಸಿ ಕೊಟ್ಟಿದ್ದರು. ದಿನಾ ಅರ್ಧ ಲೋಟ ನೀರು ಹಾಕುತ್ತೇವೆ. ಹೊಲಕ್ಕೆ ತಂದಿದ್ದ ಥಿಮೆಟ್ ಕಾಳು ಉಳಿದಿದೆ, ನಾಲ್ಕು ಕಾಳು ಹಾಕಬಹುದೇ?
– ಓದುಗರು, ಗಂಗಾವತಿ

ಉತ್ತರ: ಹಾಕಲೇಬೇಡಿ. ಥಿಮೆಟ್ ಎಂದರೆ ಫೋರೇಟ್ ಎಂಬ ಕೀಟನಾಶಕ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಬಳಕೆಯೇ ನಿಷೇಧ. ಮಗು ಆ ಮಣ್ಣು ಮುಟ್ಟಿ ಕೈ ಬಾಯಿಗಿಟ್ಟರೂ ಜೀವಕ್ಕೆ ಅಪಾಯ. ಉಳಿದ ಪೊಟ್ಟಣವನ್ನು ಕಸಕ್ಕೆ ಎಸೆಯದೆ, ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ನೀವು ನೋಡಿದ್ದು ಫಂಗಸ್ ನ್ಯಾಟ್ ಎಂಬ ಗುಂಗುರಿನ ಮರಿಗಳಿರಬೇಕು. ಖಚಿತ ಮಾಡಿಕೊಳ್ಳಲು ಒಂದು ಸೆಂ.ಮೀ. ದಪ್ಪದ ಆಲೂಗಡ್ಡೆ ಹೋಳನ್ನು ಮಣ್ಣಿಗೆ ಒತ್ತಿಡಿ, ಎರಡು ದಿನ ಬಿಟ್ಟು ತಿರುವಿ ನೋಡಿ. ಗಾಜಿನಂತೆ ಪಾರದರ್ಶಕ ಮೈ, ಕಪ್ಪು ಹೊಳೆಯುವ ತಲೆ, ಐದಾರು ಮಿ.ಮೀ. ಉದ್ದ ಇದ್ದರೆ ಅವೇ. ಇವುಗಳ ಮುಖ್ಯ ಆಹಾರ ಶಿಲೀಂಧ್ರ ಮತ್ತು ಕೊಳೆತ ಬೇರು. ಸಂಖ್ಯೆ ಹೆಚ್ಚಾದಾಗ ಎಳೆ ಬೇರನ್ನೂ ಕಡಿಯುತ್ತವೆ. ದೊಡ್ಡ ಕುಂಡದಲ್ಲಿ ಇವು ಮೇಲಿನ ಐದಾರು ಸೆಂ.ಮೀ. ಮಣ್ಣಿನಲ್ಲಷ್ಟೇ ಇರುವುದರಿಂದ ಗಿಡ ತಡೆದುಕೊಳ್ಳುತ್ತದೆ. ಬೋನ್ಸಾಯ್ ತಟ್ಟೆಯ ಆಳವೇ ಅಷ್ಟು, ಹಾಗಾಗಿ ಗಿಡದ ಎಲ್ಲ ಬೇರೂ ಅವುಗಳ ಬಾಯಿಗೆ ಸಿಗುತ್ತವೆ.

ಆದರೆ ಹುಳು ಬಂದದ್ದು ಮಣ್ಣು ಆರದೇ ಇರುವುದರಿಂದ. ಟಿ.ವಿ. ಪಕ್ಕದ ಮಬ್ಬು ಬೆಳಕಿನಲ್ಲಿ ಎಲೆಗಳಿಗೆ ಕೆಲಸವಿಲ್ಲ, ಬೇರು ನೀರೆಳೆಯುವುದಿಲ್ಲ. ಅಂಟಿಸಿದ ಹರಳು ತೇವವನ್ನು ಒಳಗೇ ಹಿಡಿದಿಡುತ್ತದೆ. ಅದರ ಮೇಲೆ ದಿನಾ ಅರ್ಧ ಲೋಟ! ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತದ್ದಕ್ಕೆ ಗುಂಗುರು ಬರುತ್ತದೆ. ನೀರು ಹಾಕುವ ಪದ್ಧತಿ ಹೀಗೇ ಇದ್ದರೆ ಯಾವ ಔಷಧಿಯೂ ನಿಲ್ಲುವುದಿಲ್ಲ.

ಮೊದಲು ಸ್ಕ್ರೂಡ್ರೈವರ್‌ನಿಂದ ಹರಳಿನ ಹೆಕ್ಕಳಿಕೆ ಎಬ್ಬಿಸಿ ತೆಗೆಯಿರಿ. ಕುಂಡದ ಅಂಚಿಗೆ ಚಾಕು ಆಡಿಸಿ, ತಳದಲ್ಲಿ ತಂತಿ ಕಟ್ಟಿದ್ದರೆ ಕತ್ತರಿಸಿ, ಗಿಡವನ್ನು ಮಣ್ಣುಹೆಂಟೆ ಸಮೇತ ಎತ್ತಿ. ಮೂಸಿ ನೋಡಿ. ಚರಂಡಿ ವಾಸನೆ ಬಂದರೆ ಬೇರು ಕೊಳೆತಿದೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಕೊಳೆತ ಬೇರಿನ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ಒಳಗಿನ ನಾರು ಮಾತ್ರ ಗಿಡದಲ್ಲಿ ಉಳಿಯುತ್ತದೆ. ಜೀವಂತ ಬೇರು ಗಟ್ಟಿಯಾಗಿರುತ್ತದೆ, ಕತ್ತರಿಸಿದರೆ ಬಿಳಿ ಹಾಲು ಬರುತ್ತದೆ.

ಬೇರು ಗಟ್ಟಿ ಇದ್ದರೆ ಕುಂಡ ಬದಲಿಸಬೇಡಿ. ಮೇಲಿನ ಒಂದು ಸೆಂ.ಮೀ. ಮಣ್ಣು ಕೆರೆದು ತೆಗೆದು ದಪ್ಪ ಉಸುಕು ಹಾಕಿ, ಗಿಡವನ್ನು ಪೂರ್ವದ ಕಿಟಕಿಗೆ ಒಯ್ಯಿರಿ. ಪಶ್ಚಿಮದ ಗಾಜಿನ ಕಿಟಕಿ ನಮ್ಮ ಏಪ್ರಿಲ್ ಬಿಸಿಲಿಗೆ ಎಲೆ ಸುಡುತ್ತದೆ. ಹಾರುವ ಗುಂಗುರಿಗೆ ಹತ್ತಿ ಹೊಲದಲ್ಲಿ ಬಿಳಿನೊಣಕ್ಕೆ ಕಟ್ಟುವ ಹಳದಿ ಅಂಟುಹಾಳೆಯ ತುಂಡನ್ನೇ ಮಣ್ಣಿನ ಮಟ್ಟಕ್ಕೆ ಸಿಕ್ಕಿಸಿ. ಮರಿಗಳಿಗೆ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿ ಮೇಲೆ 3% ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, 6% ಎಂದಿದ್ದರೆ ಒಂಬತ್ತು ಪಾಲು. ಔಷಧ ಅಂಗಡಿಯಲ್ಲಿ ಎರಡೂ ಸಿಗುವುದರಿಂದ ಲೇಬಲ್ ಓದದೆ ಬೆರೆಸಬೇಡಿ. ಮಣ್ಣು ಆರಿದಾಗ ತಳದಿಂದ ಹರಿಯುವಷ್ಟು ಸುರಿಯಿರಿ. ಇದು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಯಿಂದ ಗುಂಗುರಾಗಲು ಮೂರು-ನಾಲ್ಕು ವಾರ ಬೇಕು. ಆದ್ದರಿಂದ ವಾರಕ್ಕೊಮ್ಮೆಯಂತೆ ಮೂರು ಸಲ ಹಾಕಬೇಕು. ಪೆರಾಕ್ಸೈಡ್ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಸುಡುತ್ತದೆ. ಬೇರು ಕೊಳೆ ತಡೆಯುವ ಟ್ರೈಕೋಡರ್ಮ ಎಂಬ ಒಳ್ಳೆಯ ಶಿಲೀಂಧ್ರವನ್ನು ಕೊಡುವುದಿದ್ದರೆ ಕೊನೆಯ ಸಲದ ನಂತರ ಒಂದು ವಾರ ಬಿಡಿ.

ಬೇರು ಕೊಳೆತಿದ್ದರೆ ಮುಂಗಾರಿನವರೆಗೆ ಕಾಯಬೇಡಿ, ಸಂಜೆ ತಂಪಿನಲ್ಲಿ ಕುಂಡ ಬದಲಿಸಿ. ಸ್ಪಿರಿಟ್ ಒರೆಸಿದ ಕತ್ತರಿಯಿಂದ ಕೊಳೆತದ್ದನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ, ಒಳ್ಳೆ ಬೇರು ಮುಟ್ಟಬೇಡಿ. ಹೊಸ ಮಿಶ್ರಣಕ್ಕೆ 3ರಿಂದ 5 ಮಿ.ಮೀ. ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಉಸುಕು ಒಂದು ಪಾಲು, ಕೋಕೋಪೀಟ್ ಒಂದು ಪಾಲು. ಇಟ್ಟಿಗೆ ಪುಡಿಯನ್ನು ಜರಡಿ ಹಿಡಿದು ಧೂಳನ್ನೆಲ್ಲ ಚೆಲ್ಲಿ. ಈ ಕೆಲಸಕ್ಕೆ ಬೇಸರಪಟ್ಟರೆ ಧೂಳು ಸಂದುಗಳನ್ನು ತುಂಬಿ ಮತ್ತೆ ಅದೇ ಕೆಸರು. ಎರೆ ಮಣ್ಣು ಹಿಡಿಯಷ್ಟೂ ಬೇಡ: ನೆನೆದರೆ ಉಬ್ಬಿ ಗಾಳಿ ಮುಚ್ಚುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಅಕ್ಕಿ ಗಿರಣಿಯ ಸುಟ್ಟ ಹೊಟ್ಟು ನಿಮ್ಮೂರಲ್ಲಿ ಧಾರಾಳವಾಗಿ ಸಿಗುತ್ತದೆ. ಕರಿ ಹೊಟ್ಟಾದರೆ ಹತ್ತಕ್ಕೊಂದು ಪಾಲು ಸೇರಿಸಬಹುದು, ಬಿಳಿ ಬೂದಿ ಮಾತ್ರ ಬೇಡ, ಅದು ಕ್ಷಾರ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಹಾಕಬೇಡಿ, ಕೂಲರ್ ಗಾಳಿ ನೇರ ತಾಗಿಸಬೇಡಿ.

ಇನ್ನು ಮುಂದೆ ನೀರಿಗೆ ದಿನದ ಲೆಕ್ಕ ಬೇಡ. ಉರಿದು ಮುಗಿದ ಊದುಬತ್ತಿ ಕಡ್ಡಿಯನ್ನು ಮೂರು ಸೆಂ.ಮೀ. ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಒದ್ದೆಯಾಗಿದ್ದರೆ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ಕೆಳತಟ್ಟೆಯ ನೀರನ್ನು ಚೆಲ್ಲಿ.

ಪ್ರಶ್ನೆ: ಬೋನ್ಸಾಯ್ ಕುಂಡದ ಅಂಚಿನಲ್ಲೂ ಒಳಗೋಡೆಗೂ ಅಕ್ಕಿಹಿಟ್ಟಿನಂಥ ಬಿಳಿ ಪುಡಿ. ಇರುವೆ ಸಾಲೂ ಇದೆ. ಬೋರ್‌ವೆಲ್ ನೀರು ಹಾಕುತ್ತೇವೆ. ಇದು ರೋಗವೇ?
– ಓದುಗರು, ಸಿಂಧನೂರು

ಉತ್ತರ: ಅಂಚಿನದು ಮತ್ತು ಒಳಗಿನದು ಎರಡು ಬೇರೆ ಇರಬಹುದು. ಅಂಚಿನ ಪುಡಿಗೆ ನಿಂಬೆರಸದ ಹನಿ ಹಾಕಿ. ನೊರೆ ಬಂದರೆ ಗಡಸು ನೀರಿನ ಸುಣ್ಣ. ಅದಕ್ಕೆ ತಿಂಗಳಿಗೊಮ್ಮೆ ಮಳೆನೀರು ಅಥವಾ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಕುಂಡದ ನಾಲ್ಕು ಪಟ್ಟು ಸುರಿದು ಉಪ್ಪು ತೊಳೆದರೆ ಸಾಕು. ಆರ್.ಒ. ಯಂತ್ರ ಹೊರಹಾಕುವ ನೀರಂತೂ ಬೇಡ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು.

ಒಳಗೋಡೆಯ ಪುಡಿಯನ್ನು ಬೆರಳಲ್ಲಿ ತಿಕ್ಕಿ. ಮೇಣದಂತೆ ಜಿಡ್ಡಾಗಿ ಸವರಿಕೊಂಡರೆ ಬೇರಿನ ಹಿಟ್ಟು ತಿಗಣೆ. ಇರುವೆ ಸಾಲು ಇದೆ ಎಂದಿರುವುದರಿಂದ ನಮ್ಮ ಅನುಮಾನ ಇದರ ಮೇಲೆಯೇ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಪಕ್ಕದ ಕುಂಡಕ್ಕೂ ಹೊತ್ತೊಯ್ಯುತ್ತದೆ. ನೀರನ್ನು ಕಡಿಮೆ ಮಾಡಿದರೆ ಇದು ಸಾಯುವುದಿಲ್ಲ, ಒಣ ಮಣ್ಣಲ್ಲಿ ಇನ್ನೂ ಹೆಚ್ಚುತ್ತದೆ.

ಗಿಡವನ್ನು ಹೊರಗೆ ನೆರಳಿಗೆ ಒಯ್ದು ಮಣ್ಣನ್ನೆಲ್ಲ ಉದುರಿಸಿ, ಪೈಪಿನ ನೀರಿನಿಂದ ಬೇರಿನ ಸಂದು ಸಂದು ತೊಳೆಯಿರಿ. ಕಾಂಡದ ಬುಡದಲ್ಲಿ ಬೇರು ಕವಲೊಡೆಯುವ ಜಾಗವೇ ಇದರ ಅಡಗುತಾಣ, ಅಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಆಡಿಸಿ. ನಂತರ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 2 ಮಿ.ಲೀ. ದ್ರವ ಸೋಪು ಕಲಕಿ ಬೇರನ್ನು ಐದು ನಿಮಿಷ ಅದ್ದಿ. ಕುಂಡಕ್ಕೆ ಕುದಿಯುವ ನೀರು. ಹಳೆ ಮಣ್ಣು ಬೇರೆ ಗಿಡಕ್ಕೆ ಹೋಗಬಾರದು. ಮೂರು ವಾರಕ್ಕೆ ಮತ್ತೆ ಎತ್ತಿ ನೋಡಿ. ಮೊಟ್ಟೆ ಉಳಿದು ಮತ್ತೆ ಬಿಳಿ ಕಂಡರೆ ಮಾತ್ರ ಇಮಿಡಾಕ್ಲೋಪ್ರಿಡ್ 17.8 ಎಸ್.ಎಲ್. ಕೀಟನಾಶಕವನ್ನು ಲೀಟರ್‌ಗೆ 0.3 ಮಿ.ಲೀ. ಲೆಕ್ಕದಲ್ಲಿ, ಒಂದು ಮಿ.ಲೀ. ಸಿರಿಂಜ್‌ನಿಂದ ಅಳೆದು, ಕೈಗವಸು ಹಾಕಿ, ಹೊರಗಡೆಯೇ ಮಣ್ಣಿಗೆ ಒಮ್ಮೆ ಸುರಿಯಿರಿ. ತುಳಸಿ, ಕರಿಬೇವು ಇರುವ ಕುಂಡಗಳಿಗೆ ಆ ನೀರು ಹರಿಯಬಾರದು.

ಪ್ರಶ್ನೆ: ನೀರು ಹಾಕಿದ ಕೂಡಲೇ ರವೆಯಷ್ಟು ಸಣ್ಣ ಬಿಳಿ ಹುಳುಗಳು ಮಣ್ಣಿನ ಮೇಲೆ ಜಿಗಿಯುತ್ತವೆ. ಅದು ಬೇರುಗಂಟಿನ ಜಂತುಹುಳು ಎನ್ನುತ್ತಾರೆ, ಹೌದೇ?
– ಓದುಗರು, ಬಳ್ಳಾರಿ

ಉತ್ತರ: ಅಲ್ಲ. ಜಂತುಹುಳು ಬರಿಗಣ್ಣಿಗೆ ಕಾಣುವುದಿಲ್ಲ, ಜಿಗಿಯುವುದೂ ಇಲ್ಲ. ಇವು ಸ್ಪ್ರಿಂಗ್‌ಟೇಲ್. ಕೊಳೆತ ಎಲೆ, ಬೂಸ್ಟು ತಿಂದು ಬದುಕುವ ಇವುಗಳಿಂದ ಗಿಡಕ್ಕೆ ತೊಂದರೆ ಇಲ್ಲ, ಔಷಧಿ ಬೇಡ. ಗಿಡ ಸೊರಗಿದ್ದರೆ ಕಾರಣ ಬೇರೆ ಇದೆ. ಬೇರನ್ನು ತೊಳೆದು ನೋಡಿ. ಬೇರೇ ಊದಿಕೊಂಡು, ತಿಕ್ಕಿದರೂ ಉದುರದ ಗಂಟುಗಳು ಕಂಡರೆ ಆಗ ಜಂತುಹುಳುವಿನ ಅನುಮಾನ ಸರಿ. ಆ ಬೇರು ಮತ್ತು ಒಂದು ಹಿಡಿ ಮಣ್ಣನ್ನು ಒಣಗಿಸದೆ, ತೇವ ಇರುವಾಗಲೇ ಪ್ಲಾಸ್ಟಿಕ್ ಕವರ್‌ಗೆ ಕಟ್ಟಿ, ಬಿಸಿಲಲ್ಲಿಡದೆ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.