ಏಜೆಂಟಿನ ಹೆಸರು ಕೇಳಿದ ತಮ್ಮನಿಗೆ

"ಅಣ್ಣಾ, ಲಾರಿ ಕೊಂಡಾಯಿತು. ಒಳ್ಳೆಯ ಬಾಡಿಗೆಯ ಲೋಡು ಹಿಡಿದುಕೊಡುವ ಏಜೆಂಟ್ ಯಾರು? ನೂರಕ್ಕೆ ಎಷ್ಟು ಕೊಡಬೇಕು? ನಿಮ್ಮವರ ಹೆಸರು ಹೇಳಿ" ಎಂದು ಬರೆದಿದ್ದೀಯ. ಪೆರ್ಲದ ಹುಡುಗ ಒಹಾಯೊದಲ್ಲಿ ಸ್ವಂತ ಲಾರಿ ಓಡಿಸುತ್ತಾನೆಂದು ಮನೆಯವಳಿಗೆ ಎರಡು ಸಲ ಹೇಳಿದೆ. ನಾನು ಇಂಡಿಯಾನಾಕ್ಕೆ ಬಂದಿಳಿದದ್ದು ಜನವರಿಯಲ್ಲಿ. ಕಾಸರಗೋಡಿನ ಗಡಿಯ ತಲಪಾಡಿ ದಾಟಿದರೆ ದೂರವಾಯಿತು ಎಂದುಕೊಂಡು ಬೆಳೆದವನು, ಮಂಜು ಹೆಪ್ಪುಗಟ್ಟಿದ ಲಾರಿಯ ಬಾಗಿಲನ್ನು ಎಳೆದು ಮೊದಲ ವಾರವೇ ಹಿಡಿಕೆ ಮುರಿದೆ.

ವಿಮೆಯ ವಿಷಯ ಚುಟುಕಾಗಿ: ಸಾಮಾನ್ಯ ಸರಕಿಗೆ ಕಾನೂನು ಕೇಳುವುದು ಏಳೂವರೆ ಲಕ್ಷ ಡಾಲರಿನ ಹೊಣೆ ವಿಮೆ, ಬ್ರೋಕರುಗಳು ಹತ್ತು ಲಕ್ಷ ಕೇಳುತ್ತಾರೆ. ಸರಕು ಸಾಗಿಸುವ ನಿನ್ನ ಪರವಾನಗಿಯ ನಂಬರ್ ಹೊಸದು, ಆದ್ದರಿಂದ ಮೊದಲ ಕೆಲವು ತಿಂಗಳು ಅನೇಕರು ಲೋಡೇ ಕೊಡುವುದಿಲ್ಲ. ಡೀಸೆಲಿಗೆ ದುಡ್ಡು ಎತ್ತಿಡು.

ಬ್ರೋಕರ್ ಬೇರೆ, ಡಿಸ್ಪ್ಯಾಚರ್ ಬೇರೆ. ಬ್ರೋಕರ್ ಸರಕಿನವನಿಗೂ ಲಾರಿಯವನಿಗೂ ನಡುವಿನ ದಲ್ಲಾಳಿ. ಅವನಿಗೆ ಕೇಂದ್ರದ ಪರವಾನಗಿ, 75,000 ಡಾಲರಿನ ಜಾಮೀನು (ಬಾಂಡ್) ಇರಲೇಬೇಕು. ನೀನು ಏಜೆಂಟ್ ಎನ್ನುತ್ತಿರುವುದು ಡಿಸ್ಪ್ಯಾಚರನನ್ನು. ನಿನ್ನ ಪರವಾಗಿ ಬ್ರೋಕರುಗಳ ಹತ್ತಿರ ಚೌಕಾಸಿ ಮಾಡುವುದು ಅವನ ಕೆಲಸ, ಬಾಂಡ್ ಗೀಂಡ್ ಏನೂ ಇಲ್ಲ. ನೂರಕ್ಕೆ ಐದರಿಂದ ಹತ್ತರವರೆಗೆ ಕೇಳುತ್ತಾರೆ, ಅದೂ ಒಟ್ಟು ಬಾಡಿಗೆಯ ಮೇಲೆ. ನಿನ್ನ ಡೀಸೆಲ್ ಅವನ ಲೆಕ್ಕದಲ್ಲಿ ಬರುವುದೇ ಇಲ್ಲ. ಫ್ಲಾರಿಡಾಕ್ಕೆ ಸಾವಿರ ಮೈಲಿಗೆ 3,000 ಡಾಲರ್ ಎಂದರೆ ಕಿವಿ ನೆಟ್ಟಗಾಗುತ್ತದೆ. ಹಣ್ಣು ತರಕಾರಿಯ ಕಾಲವಲ್ಲದಿದ್ದರೆ ಅಲ್ಲಿಂದ ಹೊರಡುವ ಲೋಡು ಕಡಿಮೆ, ಸಿಕ್ಕಿದರೂ ಅಗ್ಗ. ಒರ್ಲ್ಯಾಂಡೊದಿಂದ ಅಟ್ಲಾಂಟಾ ತನಕ 440 ಮೈಲಿ ಖಾಲಿ ಬಂದೆ ಎಂದುಕೊ. ಮೂರು ಡಾಲರಿನ ಮೈಲಿ ಎರಡು ಡಾಲರಿಗೆ ಇಳಿಯಿತು. ಏಜೆಂಟಿನ ಕಮಿಷನ್ ಮಾತ್ರ ಇಳಿಯಲಿಲ್ಲ.

ನಿನ್ನ ಅಪ್ಪ, ನನ್ನ ಅಪ್ಪ ಅಡಿಕೆ ಮಾರುತ್ತಿದ್ದುದು ಹೇಗೆಂದು ನಿನಗೆ ಗೊತ್ತೇ ಇದೆ. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ದರ ಕೇಳಿಕೊಳ್ಳದೆ ಪೇಟೆಯ ಅಂಗಡಿಯಲ್ಲಿ ಚೀಲ ಇಳಿಸುತ್ತಿರಲಿಲ್ಲ, ತೂಕವಾಗುವ ತನಕ ಕೊಟ್ಟ ಚಹಾ ಮುಟ್ಟುತ್ತಿರಲಿಲ್ಲ. ಅಂಥವರ ಮಗ ನಾನು, ನನ್ನ ಹೆಸರಿನಲ್ಲಿ ಏಜೆಂಟೇ ಸಹಿ ಹಾಕಬಹುದು ಎಂಬ ಕಾಗದಕ್ಕೆ ಓದದೆ ರುಜು ಹಾಕಿದೆ. ದಿನಕ್ಕೆ ಹನ್ನೊಂದು ಗಂಟೆ ಸ್ಟಿಯರಿಂಗ್ ಹಿಡಿದವನಿಗೆ ಫೋನಿನಲ್ಲಿ ಹೇಳಿದ್ದೇ ದರ. ಹಣವೂ ಅವನ ಖಾತೆಗೆ ಹೋಗಿ, ಕಮಿಷನ್ ಕಳೆದು ನನಗೆ ಬರುತ್ತಿತ್ತು. ಎಂಟು ತಿಂಗಳಾದ ಮೇಲೆ ಜಾರ್ಜಿಯಾದ ಗೋದಾಮೊಂದರಲ್ಲಿ ಕಾಗದ ಕೇಳಿದರು. ಏಜೆಂಟ್ ಅವಸರದಲ್ಲಿ ಬ್ರೋಕರ್ ಕೊಟ್ಟ ದರಪತ್ರದ ಮೂಲ ಪ್ರತಿಯನ್ನೇ ಕಳುಹಿಸಿಬಿಟ್ಟ. ನನಗೆ ಹೇಳಿದ್ದು 1,900, ಅದರಲ್ಲಿದ್ದುದು 2,350.

ಆ ದರಪತ್ರ, ಅಂದರೆ ರೇಟ್ ಕನ್ಫರ್ಮೇಶನ್, ನೇರವಾಗಿ ನಿನ್ನ ಮೇಲ್‌ಗೆ ಬರಲಿ, ಹಣ ನಿನ್ನ ಖಾತೆಗೆ ಬರಲಿ, ಕಮಿಷನ್ ನೀನು ಕೊಡು. ಇದಕ್ಕೆ ಒಪ್ಪದವನಿಗೆ ನಮಸ್ಕಾರ ಹೇಳು. ಬ್ರೋಕರ್ ಸರಕಿನವನಿಂದ ಎಷ್ಟು ಪಡೆದ ಎಂಬ ದಾಖಲೆ ನೋಡುವ ಹಕ್ಕೂ ನಿನಗಿದೆ. ಆದರೆ ಆ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಒಪ್ಪಂದದ ಮೂಲೆಯಲ್ಲಿ ಬರೆಸಿಕೊಳ್ಳುವವರು ಬಹಳ.

ಹೋದ ದುಡ್ಡನ್ನು ದುಡಿದುಕೊಂಡೆ. ಮುಳ್ಳೇರಿಯದ ಗೆಳೆಯನೊಬ್ಬನನ್ನು ಅದೇ ಏಜೆಂಟಿನ ಬಳಿಗೆ ಕರೆದೊಯ್ದದ್ದು ನಾನೇ, "ನಮ್ಮವನ ಹಾಗೆಯೇ ಇದ್ದಾನೆ" ಎಂದು ಹೇಳಿ. ನಾನು ಬಿಟ್ಟುಬಂದಾಗ ಅವನಿಗೆ ತಿಳಿಸಲು ನಾಚಿಕೆಯಾಗಿ ಎರಡು ತಿಂಗಳು ತಡ ಮಾಡಿದೆ. ಅಷ್ಟರಲ್ಲಿ ಸಾಲದವರು ಅವನ ಲಾರಿ ಒಯ್ದಿದ್ದರು. ಹೋದ ಸಲ ಊರಿಗೆ ಹೋದಾಗ ಮಧೂರಿನಲ್ಲಿ ಎದುರಾದ. ಕೈಯಲ್ಲಿ ಅಪ್ಪದ ಪ್ರಸಾದ ಹಿಡಿದುಕೊಂಡು, ನನ್ನ ಹೆಂಡತಿಯನ್ನು ಮಾತನಾಡಿಸಿ ಹೋದ.

ಅದಕ್ಕೇ ಹೆಸರು ಕೇಳಬೇಡ. ನಿನಗೆ ಸಿಕ್ಕಿದ ಏಜೆಂಟಿನ ಒಪ್ಪಂದವನ್ನು ರುಜು ಹಾಕುವ ಮೊದಲು ಕಳುಹಿಸು, ಭಾನುವಾರ ಕುಳಿತು ಓದುತ್ತೇನೆ.