ಕೊರಳ ಸುತ್ತಿನ ಬಳ್ಳಿ, ಜೋಯಿಸರು ಕೊಟ್ಟ ದಿನ

ಪ್ರಶ್ನೆ: ನನ್ನ ಹೆಂಡತಿಗೆ ಇದು ಚೊಚ್ಚಲ ಬಸಿರು, 37ನೇ ವಾರ ನಡೆಯುತ್ತಿದೆ. ಬಯಕೆ ಶಾಸ್ತ್ರ ಮುಗಿಸಿ ಕುಂದಾಪುರದ ತವರಿನಲ್ಲಿದ್ದಾಳೆ. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಬಂದಿದೆ, ಉಳಿದೆಲ್ಲ ಸರಿಯಿದೆ ಎಂದು ಸ್ಕ್ಯಾನಿಂಗ್ ವರದಿ ಹೇಳುತ್ತದೆ. ‘ನೋವಿಗೆ ಕಾದರೆ ಮಗುವಿಗೆ ಉಸಿರುಗಟ್ಟೀತು, ಸಿಸೇರಿಯನ್ ಮಾಡಿಸಿಬಿಡಿ’ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಾಲೆ ಸುತ್ತಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲವೆಂದು ಹೆದರಿದ ಅತ್ತೆಯವರು ಜೋಯಿಸರಲ್ಲಿ ಕೇಳಿ, ಬರುವ ಗುರುವಾರವನ್ನೇ ಗೊತ್ತುಮಾಡಿಕೊಂಡು ಬಂದಿದ್ದಾರೆ. ನೆರೆಮನೆಯವರು ಹರಳೆಣ್ಣೆ ಕುಡಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಕಾಪು

ಉತ್ತರ: ಮೊದಲು ಪರಿಶೀಲಿಸಬೇಕಾದದ್ದು ಆಸ್ಪತ್ರೆಯ ಮಾತನ್ನು. ಗರ್ಭದಲ್ಲಿರುವ ಮಗು ಮೂಗಿನಿಂದ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಬಳ್ಳಿಯ ರಕ್ತದಲ್ಲೇ ಹರಿದು ಬರುತ್ತದೆ. ಆದುದರಿಂದ ಬಳ್ಳಿ ಕತ್ತು ಹಿಸುಕಿ ಉಸಿರು ಕಟ್ಟಿಸುತ್ತದೆ ಎಂಬ ಕಲ್ಪನೆಯೇ ಸರಿಯಲ್ಲ. ಗಮನಿಸಬೇಕಾದದ್ದು ಬಳ್ಳಿಯೊಳಗಿನ ರಕ್ತನಾಳಗಳು ಅದುಮಿಹೋಗುತ್ತವೆಯೇ ಎಂಬುದನ್ನು ಮಾತ್ರ. ಅವುಗಳ ಸುತ್ತಲೂ ಬೊಂಡದ ಗಂಜಿಯಂಥ ದಪ್ಪ ಲೋಳೆಯ ಪದರವಿದ್ದು, ಅದು ಸಾಮಾನ್ಯ ಒತ್ತಡವನ್ನು ತಡೆದುಕೊಳ್ಳುತ್ತದೆ. ಬಳ್ಳಿ ಸಾಧಾರಣವಾಗಿ 50–60 ಸೆಂಟಿಮೀಟರ್ ಉದ್ದವಿರುವುದರಿಂದ ಒಂದು ಸುತ್ತು ಬಿದ್ದರೂ ಮಗು ಕೆಳಗಿಳಿಯಲು ಸಡಿಲ ಉಳಿದಿರುತ್ತದೆ. ದಿನ ತುಂಬಿ ಹುಟ್ಟುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಹೀಗೆಯೇ ಹುಟ್ಟುತ್ತದೆ. ತಲೆ ಹೊರಬಂದ ಕೂಡಲೇ ಹೆರಿಗೆ ಮಾಡಿಸುವವರು ಕೊರಳ ಬಳಿ ಬೆರಳಾಡಿಸಿ ನೋಡಿ, ಬಳ್ಳಿ ಸಿಕ್ಕಿದರೆ ತಲೆಯ ಮೇಲಿಂದ ಜಾರಿಸಿಬಿಡುತ್ತಾರೆ. ತೀರಾ ಬಿಗಿಯಾಗಿದ್ದರೆ ಎರಡು ಕಡೆ ಕ್ಲಾಂಪ್ ಹಾಕಿ ನಡುವೆ ಕತ್ತರಿಸುತ್ತಾರೆ. ನೋವಿನ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಗಮನಿಸುತ್ತಲೇ ಇರುತ್ತಾರಾದ್ದರಿಂದ, ಅದು ಮತ್ತೆ ಮತ್ತೆ ಕುಸಿದರೆ ಸಿಸೇರಿಯನ್ ಮಾಡಲು ಆಗಲೂ ಅವಕಾಶವಿದೆ. ಒಂದು ಸುತ್ತು ಕಂಡಿತೆಂಬುದಷ್ಟೇ ಮುಂಚಿತವಾಗಿ ಕೊಯ್ಯಲು ಕಾರಣವಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3 ಸಿಸೇರಿಯನ್ ಆಗಿದ್ದರೆ, ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ. 47.4. ಖಾಸಗಿ ಆಸ್ಪತ್ರೆಯ ಮೆಟ್ಟಿಲೇರಿದ ಮಾತ್ರಕ್ಕೆ ಬಳ್ಳಿ ಬಿಗಿಯಾಗುವುದಿಲ್ಲವಷ್ಟೆ.

ನನಗೆ ಹೆಚ್ಚು ಆತಂಕ ತಂದದ್ದು ಆ ಗುರುವಾರ. ನೋವು ಬರುವ ಮೊದಲೇ, ವೈದ್ಯಕೀಯ ಕಾರಣವಿಲ್ಲದೆ ಮಾಡುವ ಸಿಸೇರಿಯನ್‌ಗೆ 39 ವಾರ ತುಂಬಿರಬೇಕೆಂಬುದು ಪ್ರಸೂತಿ ತಜ್ಞರು ಒಪ್ಪಿಕೊಂಡ ನಿಯಮ. ಅದಕ್ಕಿಂತ ಮೊದಲು ಹೊರತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರಿನಂಶ ಉಳಿದು, ಉಸಿರಾಟದ ತೊಂದರೆಯಿಂದ ತೀವ್ರ ನಿಗಾ ಘಟಕ ಸೇರುವ ಸಂಭವ ಹೆಚ್ಚು. ನಕ್ಷತ್ರ ಎಷ್ಟೇ ಒಳ್ಳೆಯದಿದ್ದರೂ ಮಗು ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಕಳೆಯಬೇಕಾದೀತು. ಇನ್ನು ಸೋದರಮಾವನ ವಿಷಯ: ಸಿಸೇರಿಯನ್ ಮಾಡಿಸಿದರೂ ಮಾಲೆ ಕೊರಳಲ್ಲಿಯೇ ಇರುತ್ತದೆ ಎಂಬುದನ್ನು ಅತ್ತೆಯವರಿಗೆ ಮೆಲ್ಲನೆ ತಿಳಿಸಿ.

ಹರಳೆಣ್ಣೆ ಬೇಡವೇ ಬೇಡ. ಭೇದಿ, ವಾಂತಿಯಾಗಿ ಮೈಯ ನೀರು ಬತ್ತುತ್ತದೆ.

ವೈದ್ಯರಲ್ಲಿ ನೀವು ಕೇಳಬೇಕಾದದ್ದು, 39 ವಾರ ತುಂಬುವವರೆಗೆ ಕಾದರೆ ತಾಯಿಗಾಗಲಿ ಮಗುವಿಗಾಗಲಿ ಏನು ಅಪಾಯ, ಅದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು. ರಕ್ತದೊತ್ತಡ ಏರಿದೆ, ಮಗುವಿನ ಬೆಳವಣಿಗೆ ಕುಂಠಿತವಾಗಿದೆ, ಮಾಸು ಗರ್ಭದ ಬಾಯಿಗೆ ಅಡ್ಡವಿದೆ ಎಂಬಂಥ ಉತ್ತರ ಬಂದರೆ ದಯವಿಟ್ಟು ಹಟ ಹಿಡಿಯಬೇಡಿ. ಅಂಥ ಸಂದರ್ಭದಲ್ಲಿ ಬೇಗ ಹೆರಿಗೆ ಮಾಡಿಸುವುದೇ ಸರಿಯಾದೀತು. ಉತ್ತರ ಬಳ್ಳಿಯ ಸುತ್ತಿಗೇ ನಿಂತರೆ ತಾಯಿ ಕಾರ್ಡನ್ನೂ ಎಲ್ಲ ಸ್ಕ್ಯಾನಿಂಗ್ ವರದಿಗಳನ್ನೂ ತೆಗೆದುಕೊಂಡು ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ಇನ್ನೊಬ್ಬ ತಜ್ಞರಿಗೆ ತೋರಿಸಿ. ಈ ನಡುವೆ ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಒಡೆದರೆ, ರಕ್ತ ಕಂಡರೆ, ವಿಪರೀತ ತಲೆನೋವಿನೊಂದಿಗೆ ಕಣ್ಣು ಮಂಜಾದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ: ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯದೂ ಹಾಗೆಯೇ ಆಗಲೇಬೇಕೆಂದು ಎಲ್ಲರೂ ಹೇಳುತ್ತಾರೆ. ನಿಜವೆ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಇದು 1916ರಲ್ಲಿ ಅಮೆರಿಕದ ವೈದ್ಯ ಎಡ್ವಿನ್ ಕ್ರಾಗಿನ್ ಹೇಳಿದ ಮಾತು, ಆಗ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಈಗ ಸಾಮಾನ್ಯವಾಗಿ ಕೆಳಭಾಗದಲ್ಲಿ ಅಡ್ಡ ಕೊಯ್ಯುವುದರಿಂದ, ಸೂಕ್ತರೆಂದು ಆರಿಸಿದ ತಾಯಂದಿರಲ್ಲಿ ನಾಲ್ಕರಲ್ಲಿ ಸುಮಾರು ಮೂವರಿಗೆ ಸಹಜ ಹೆರಿಗೆಯಾಗುತ್ತದೆ. ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಆದರೆ ಹಾಗಾದಾಗ ನಿಮಿಷಗಳೂ ಮುಖ್ಯವಾಗುವುದರಿಂದ, ಹಗಲಿರುಳು ಶಸ್ತ್ರಚಿಕಿತ್ಸೆಗೂ ರಕ್ತಕ್ಕೂ ವ್ಯವಸ್ಥೆಯಿರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ. ಮೊದಲ ಬಾರಿ ಎಲ್ಲಿ, ಏಕೆ ಕೊಯ್ದರೆಂಬುದು ಆಗಿನ ಡಿಸ್ಚಾರ್ಜ್ ಸಾರಾಂಶದಲ್ಲಿರುತ್ತದೆ. ಅದನ್ನು ಈಗಲೇ ಹುಡುಕಿಟ್ಟುಕೊಳ್ಳಿ, ಇಲ್ಲವಾದರೆ ಆ ಆಸ್ಪತ್ರೆಯಿಂದ ಪ್ರತಿ ಕೇಳಿ ಪಡೆಯಿರಿ.